ಗರಿ ಯಾವ ರೆಕ್ಕೆಯದು?

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಲ್ಲು ತಂದಿದ್ದೇನೆ. ಆದರೆ ಈಗಲೇ ಚೀಲದಿಂದ ತೆಗೆಯುವುದಿಲ್ಲ. ತೆಗೆದರೆ ಆಮೇಲೆ ನನ್ನ ಮಾತು ಯಾರೂ ಕೇಳುವುದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಇದನ್ನು ನೋಡಿ. ಷಟಲ್ ಆಡುವ ಕಾಕ್. ಪ್ಲಾಸ್ಟಿಕ್ಕಿನದಲ್ಲ, ಗರಿಯದು. ಎಣಿಸಿದರೆ 16 ಗರಿ ಇರುತ್ತವೆ. ಇದನ್ನು ತಲೆಕೆಳಗು ಮಾಡಿ, ಅಂದರೆ ಗರಿ ಕೆಳಗೆ, ಬೆಂಡು ಮೇಲೆ ಇರುವ ಹಾಗೆ ಹಿಡಿದು ಕೈಬಿಡುತ್ತೇನೆ. ನೋಡಿದಿರಲ್ಲ? ನೆಲ ಮುಟ್ಟುವಷ್ಟರಲ್ಲಿ ಮಗುಚಿಕೊಂಡು ಬೆಂಡು ಮುಂದೆ ಬಂತು. ಭಾರ ಇರುವ ಕಡೆ ಮುಂದೆ ಹೋಗಬೇಕು, ಗಾಳಿಗೆ ಸಿಕ್ಕಿಕೊಳ್ಳುವ ಕಡೆ ಹಿಂದೆ ಉಳಿಯಬೇಕು. ಬಾಣದಲ್ಲೂ ಇಷ್ಟೇ ಇರುವುದು. ಮುಂದೆ ಅಲಗಿನ ಭಾರ, ಹಿಂದೆ ಗರಿ. ಬಾಣ ಸ್ವಲ್ಪ ಓರೆಯಾದರೆ ಗರಿಯ ಅಗಲಕ್ಕೆ ಗಾಳಿ ಬಡಿಯುತ್ತದೆ, ಬಾಲವನ್ನು ಮತ್ತೆ ಸಾಲಿಗೆ ತಳ್ಳುತ್ತದೆ.

ಈಗ ಕಾಕನ್ನು ಹತ್ತಿರದಿಂದ ನೋಡಿ. ಪ್ರತಿ ಗರಿಯೂ ಪಕ್ಕದ ಗರಿಯ ಮೇಲೆ ಒಂದೇ ರೀತಿ ಮಲಗಿದೆ. ಎಲ್ಲವೂ ಒಂದೇ ಕಡೆಯ ರೆಕ್ಕೆಯ ಗರಿಗಳು. ಎಡ ಅಂದರೆ ಹದಿನಾರೂ ಎಡ. ನಡುವೆ ಒಂದು ಬಲ ರೆಕ್ಕೆಯದು ಸೇರಿಸಿದರೆ ಅದು ಪಕ್ಕದವುಗಳ ಜೊತೆ ಹೊಂದಿ ಕೂರುವುದೇ ಇಲ್ಲ. ಷಟಲ್ ಮಾಡುವವರು ಇದರಲ್ಲಿ ಎಡವುವುದಿಲ್ಲ. ಬಾಣಕ್ಕೆ ಗರಿ ಕಟ್ಟಲು ಹೊರಟ ನಾನು ಎಡವಿದೆ. ಆ ಕಥೆ ಸ್ವಲ್ಪ ಹೊತ್ತಿನಲ್ಲೇ ಬರುತ್ತದೆ.

ಅದಕ್ಕೆ ಮುಂಚೆ ಒಂದು ಪದ. 'ಪುಂಖಾನುಪುಂಖ' ಅಂತ ನಾವೆಲ್ಲ ಬಳಸುತ್ತೇವೆ. ಭರವಸೆ ಕೊಡುವವರ ಬಗ್ಗೆ, ಸುಳ್ಳು ಹೇಳುವವರ ಬಗ್ಗೆ. ಪುಂಖ ಅಂದರೆ ಬಾಣದ ಹಿಂಭಾಗ, ಗರಿ ಕಟ್ಟಿರುವ ಜಾಗ. ಒಂದು ಬಾಣದ ಗರಿಯ ಹಿಂದೆಯೇ ಇನ್ನೊಂದರ ಗರಿ ಬರುವಷ್ಟು ಎಡೆಬಿಡದೆ ಬಾಣ ಬಿಡುವುದು ಪುಂಖಾನುಪುಂಖ. ಹಳೆಯ ಕಾವ್ಯಗಳಲ್ಲಿ ರಣಹದ್ದಿನ ಗರಿಯ ಬಾಣಗಳೂ ಬರುತ್ತವೆ, ಕಂಕ ಅನ್ನುವ ಹಕ್ಕಿಯ ಗರಿಯವೂ ಬರುತ್ತವೆ. ಈಗ ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದು ಉಳಿಸಲು ವನ್ಯಧಾಮವನ್ನೇ ಮಾಡಬೇಕಾಗಿ ಬಂದಿದೆ. ಹಾಗಾಗಿ ನನ್ನ ಬಾಣಗಳಿಗೆ ಟರ್ಕಿ ಕೋಳಿಯ ಗರಿ. ಸಾಂಪ್ರದಾಯಿಕ ಬಿಲ್ಲು ಹಿಡಿಯುವವರಲ್ಲಿ ಹೆಚ್ಚಿನವರದ್ದೂ ಅದೇ.

ಇಗೋ, ಒಂದು ಪೂರ್ತಿ ಗರಿ. ಕೈಯಿಂದ ಕೈಗೆ ದಾಟಿಸಿ. ನಡುವಿನ ದಂಡಿನ ಎರಡೂ ಪಕ್ಕ ಸಮ ಇಲ್ಲ, ಗಮನಿಸಿ. ಒಂದು ಪಕ್ಕ ಕಿರಿದು, ಬಿರುಸು. ಹಕ್ಕಿ ಹಾರುವಾಗ ಗಾಳಿಯನ್ನು ಸೀಳುವುದು ಅದು. ಇನ್ನೊಂದು ಪಕ್ಕ ಅಗಲ, ಮೃದು. ನಮಗೆ ಬೇಕಾದದ್ದು ಅಗಲದ ಪಕ್ಕ. ದಂಡನ್ನು ಉದ್ದಕ್ಕೆ ಸೀಳಿ, ಕಿರಿದನ್ನು ಬಿಟ್ಟು, ಅಗಲದ್ದನ್ನು ನಾಲ್ಕೋ ಐದೋ ಇಂಚಿಗೆ ಕತ್ತರಿಸಿ ಬಾಣಕ್ಕೆ ಅಂಟಿಸುತ್ತೇವೆ.

ಎಳೆಗಳನ್ನು ಬೆರಳಿನಿಂದ ಹಿಂದಕ್ಕೆ ಸವರಿ. ಬಿಟ್ಟುಹೋಗುತ್ತವೆ. ಮತ್ತೆ ಮುಂದಕ್ಕೆ ಸವರಿ. ಪ್ಯಾಂಟಿನ ಜಿಪ್ ಹಾಕಿದ ಹಾಗೆ ಕೂಡಿಕೊಳ್ಳುತ್ತವೆ. ಎಳೆ ಎಳೆಗೂ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಹಾಳಾಗಿಯೂ ಸರಿಹೋಗುವ ಗುಣ ಪ್ಲಾಸ್ಟಿಕ್ಕಿಗಿಲ್ಲ. ಬತ್ತಳಿಕೆಯಲ್ಲಿ ಸಿಕ್ಕಿ ಮುದುಡಿದ ಗರಿಯನ್ನು ನಾನು ಇಡ್ಲಿ ಪಾತ್ರೆಯ ಹಬೆಗೆ ಹಿಡಿಯುತ್ತೇನೆ. ಅರ್ಧ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ಮನೆಯವರಿಗೆ ಇದು ಅಷ್ಟು ಇಷ್ಟವಿಲ್ಲ.

ಈಗ ಎಡ-ಬಲ ಗುರುತಿಸುವುದು. ಗರಿಯ ತುದಿ ಮೇಲಕ್ಕೆ ಬರುವ ಹಾಗೆ ಹಿಡಿಯಿರಿ. ದಂಡಿನ ಒಂದು ಮುಖದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ. ಅದು ಹಕ್ಕಿಯ ಹೊಟ್ಟೆಯ ಕಡೆಯ ಮುಖ. ಅದು ನಿಮಗೆ ಕಾಣಬಾರದು, ಆಚೆ ಇರಲಿ. ಈಗ ಅಗಲದ ಪಕ್ಕ ನಿಮ್ಮ ಬಲಕ್ಕೆ ಇದ್ದರೆ ಅದು ಬಲ ರೆಕ್ಕೆಯ ಗರಿ. ಎಡಕ್ಕೆ ಇದ್ದರೆ ಎಡ ರೆಕ್ಕೆಯದು. ಅಷ್ಟೇ. ಇದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು, ಯಾಕಂದರೆ ನಾನು ತರಿಸುತ್ತಿದ್ದದ್ದು ಆಗಲೇ ಕತ್ತರಿಸಿದ ಗರಿ.

ರೆಕ್ಕೆಯ ಗರಿ ಚಪ್ಪಟೆ ಹಾಳೆಯಲ್ಲ. ಸ್ವಲ್ಪ ಬಾಗಿರುತ್ತದೆ, ಒಂದು ಮುಖ ನುಣುಪು, ಇನ್ನೊಂದು ಒರಟು. ಆದ್ದರಿಂದ ನೇರವಾಗಿಯೇ ಅಂಟಿಸಿದರೂ ಗಾಳಿ ಅದನ್ನು ಒಂದು ಕಡೆಗೆ ಜಾಸ್ತಿ ತಳ್ಳುತ್ತದೆ. ಮೂರೂ ಗರಿ ಒಂದೇ ದಿಕ್ಕಿಗೆ ತಳ್ಳಿಸಿಕೊಂಡರೆ ಬಾಣ ತಿರುಗುತ್ತದೆ. ಬಲ ರೆಕ್ಕೆಯದಾದರೆ, ಬಾಣ ಬಿಟ್ಟವನ ಕಡೆಯಿಂದ ನೋಡಿದಾಗ, ಗಡಿಯಾರದ ಮುಳ್ಳಿನ ಹಾಗೆ. ಎಡ ರೆಕ್ಕೆಯದಾದರೆ ಅದಕ್ಕೆ ಉಲ್ಟಾ.

ಇನ್ನು ನನ್ನ ಕಥೆ. ಒಂದು ಸಲ ಅಂಗಡಿಯೊಂದರಿಂದ ಗರಿಯ ಪೊಟ್ಟಣ ತರಿಸಿದೆ. ಮೇಲೆ 'ಬಲ ರೆಕ್ಕೆ' ಅಂತ ಬರೆದಿತ್ತು. ಕೂತು ಹನ್ನೆರಡು ಬಾಣಕ್ಕೆ ಗರಿ ಕಟ್ಟಿದೆ, ಒಂದು ವಾರದ ಸಂಜೆಗಳು ಅದಕ್ಕೇ ಹೋದವು. ಮೈದಾನಕ್ಕೆ ಹೋದರೆ ಹತ್ತು ಬಾಣ ಚೆನ್ನಾಗಿ ಹಾರಿದವು. ಎರಡು ಮಾತ್ರ ಬಿಟ್ಟ ಕೂಡಲೇ 'ಫರ್ರ್' ಅಂತ ಸದ್ದು, ಬಾಲ ಸುತ್ತಾಡಿಸಿಕೊಂಡು ಹೋಗಿ ಎಲ್ಲೋ ಚುಚ್ಚುತ್ತಿದ್ದವು. ನಾನು ನನ್ನನ್ನೇ ಬೈದುಕೊಂಡೆ. ಬೆರಳು ಬಿಡುವ ರೀತಿ ಸರಿ ಇಲ್ಲ ಅಂದುಕೊಂಡೆ. ಮೊಣಕೈ ನೋಡಿಕೊಂಡೆ, ಉಸಿರು ನೋಡಿಕೊಂಡೆ. ಮೂರು ವಾರ ಆದ ಮೇಲೆ ಆ ಎರಡು ಬಾಣಗಳನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿದರೆ, ಎರಡು ಗರಿ ಒಂದು ಕಡೆ ಬಾಗಿವೆ, ಮೂರನೆಯದು ಎದುರು ಕಡೆ ಬಾಗಿದೆ. ಪೊಟ್ಟಣದಲ್ಲಿ ಎರಡು ಎಡ ರೆಕ್ಕೆಯ ಗರಿ ಸೇರಿಕೊಂಡಿದ್ದವು. ಒಂದೊಂದು ಬಾಣಕ್ಕೆ ಒಂದೊಂದು ಹೋಗಿ ಕೂತಿತ್ತು. ತಪ್ಪು ಅಂಗಡಿಯವರದು. ನೋಡದೆ ಅಂಟಿಸಿದ ತಪ್ಪು ನನ್ನದೇ.

ಒಂದು ಗರಿ ತಿರುಗುಮುರುಗಾದರೆ ಇಷ್ಟೊಂದು ಯಾಕೆ ಆಗಬೇಕು? ಬಾಣ ಸ್ವಲ್ಪ ನಿಧಾನ ತಿರುಗಬಹುದು, ಅಷ್ಟೇ ಅಲ್ವಾ ಅಂತ ನನಗೂ ಅನಿಸಿತ್ತು. ಪಾರ್ಕಿನಲ್ಲಿ ಮಕ್ಕಳು ಕೂತು ತಿರುಗುವ ಚಕ್ರ ಇದೆಯಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಸಮ ದೂರದಲ್ಲಿ ನಿಂತ ಮೂವರು ಒಂದೇ ಸುತ್ತಿಗೆ ತಳ್ಳಿದರೆ ಚಕ್ರ ತಿರುಗುತ್ತದೆ. ನಡುವಿನ ಕಂಬದ ಮೇಲೆ ಯಾವ ಕಡೆಗೂ ಎಳೆತ ಇಲ್ಲ. ಒಬ್ಬರು ತಳ್ಳುವುದನ್ನು ಉಳಿದಿಬ್ಬರು ಸೇರಿ ಸರಿದೂಗಿಸುತ್ತಾರೆ. ಈಗ ಒಬ್ಬ ಮಾತ್ರ ಉಲ್ಟಾ ತಳ್ಳಲಿ. ಚಕ್ರ ನಿಧಾನವಾಗುವುದು ಹಾಗಿರಲಿ, ನಡುವಿನ ಕಂಬವೇ ಒಂದು ಪಕ್ಕಕ್ಕೆ ಎಳೆಯಲು ಶುರುವಾಗುತ್ತದೆ. ಲೆಕ್ಕ ಹಾಕಿದರೆ ಆ ಎಳೆತ ಒಬ್ಬನ ಬಲದ ಎರಡರಷ್ಟು. ಬಾಣದಲ್ಲಿ ಆ ಕಂಬ ಅಂದರೆ ಬಾಣದ ಬಾಲ. ಮೂರು ಗರಿ ಒಂದೇ ಕಡೆಯವಾದರೆ ಬರೀ ಸುತ್ತು. ಒಂದು ಉಲ್ಟಾ ಆದರೆ ಸುತ್ತು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಜೊತೆಗೆ ಬಾಲವನ್ನು ಪಕ್ಕಕ್ಕೆ ತಳ್ಳುವ ಬಲ ಹೊಸದಾಗಿ ಹುಟ್ಟುತ್ತದೆ. ಬಾಣ ನಿಧಾನವಾಗಿ ತಿರುಗುತ್ತಿರುವುದರಿಂದ ಆ ತಳ್ಳು ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ. ನನ್ನ ಎರಡು ಬಾಣ ಬಾಲ ಸುತ್ತಾಡಿಸಿದ್ದು ಅದಕ್ಕೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬಂದೂಕಿನ ಗುಂಡು ತಿರುಗಿ ತಿರುಗಿ ನೇರ ಹೋಗುತ್ತದೆ, ಬಾಣವೂ ಹಾಗೇ ಅಂತ ಬಹಳ ಜನ ಹೇಳುತ್ತಾರೆ. ಹಾಗಲ್ಲ. ಗುಂಡಿಗೆ ಬಾಲ ಇಲ್ಲ, ಅದು ಬುಗುರಿಯ ಹಾಗೆ ರಭಸದ ಸುತ್ತಿನಿಂದಲೇ ನಿಲ್ಲಬೇಕು. ಬಾಣದ ಸುತ್ತು ಅದರ ಮುಂದೆ ಏನೂ ಅಲ್ಲ. ಬಾಣವನ್ನು ನೆಟ್ಟಗೆ ಇಡುವುದು ಹಿಂದೆ ಗಾಳಿಗೆ ಸಿಕ್ಕಿಕೊಳ್ಳುವ ಗರಿ. ಹಾಗಾದರೆ ತಿರುಗಿ ಏನು ಲಾಭ? ಮರದ ಬಾಣ ಯಾವುದೂ ಪೂರ್ತಿ ನೇರ ಇರುವುದಿಲ್ಲ. ಕೂದಲೆಳೆಯಷ್ಟಾದರೂ ಡೊಂಕು ಇರುತ್ತದೆ. ಅಲಗು ಸ್ವಲ್ಪ ಓರೆ ಇರುತ್ತದೆ. ತಿರುಗದೇ ಹೋದರೆ ಆ ಡೊಂಕು ಬಾಣವನ್ನು ದಾರಿಯುದ್ದಕ್ಕೂ ಒಂದೇ ಕಡೆಗೆ ಎಳೆಯುತ್ತದೆ. ತಿರುಗಿದರೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಕೊನೆಗೆ ಸರಿದೂಗುತ್ತದೆ. ಚಪಾತಿ ಒಂದೇ ಕಡೆ ಸೀಯದಿರಲಿ ಅಂತ ಹೆಂಚಿನ ಮೇಲೆ ತಿರುಗಿಸುತ್ತಾ ಇರುತ್ತೇವಲ್ಲ, ಹಾಗೆ.

ಇನ್ನೊಂದು ವಾದ. ಬಲಗೈಯಲ್ಲಿ ಹೆದೆ ಎಳೆಯುವವನಿಗೆ ಈ ರೆಕ್ಕೆ, ಎಡಚನಿಗೆ ಆ ರೆಕ್ಕೆ ಅನ್ನುವುದು. ಇಲ್ಲವಾದರೆ ಗರಿ ಬಿಲ್ಲಿಗೆ ತಗಲುತ್ತದಂತೆ. ಇದಕ್ಕೆ ಜಗಳಗಳೇ ಆಗುತ್ತವೆ. ಸ್ವಲ್ಪ ಯೋಚನೆ ಮಾಡಿ. ಬಾಣದ ಹಿಂತುದಿಯ ಕಚ್ಚಿನಲ್ಲಿ ಹೆದೆ ಕೂತಿರುತ್ತದೆ. ಹೆದೆ ಕಚ್ಚಿನಲ್ಲಿ ಇರುವವರೆಗೂ ಬಾಣ ತಿರುಗಲು ಸಾಧ್ಯವೇ ಇಲ್ಲ, ಕೀಲಿ ಹಾಕಿದ ಹಾಗೆ. ಹೆದೆ ಬಿಟ್ಟ ಮೇಲೆ ಗರಿ ಬಿಲ್ಲನ್ನು ದಾಟಲು ಉಳಿದಿರುವ ದೂರ ಸುಮಾರು ಒಂದು ಗೇಣು. ಬಾಣ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟಿದೆ ಅಂದುಕೊಳ್ಳಿ. ಆ ಗೇಣನ್ನು ದಾಟಲು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ ಸಾಕು. ಅಷ್ಟರಲ್ಲಿ ನಿಂತಲ್ಲಿಂದ ಶುರುವಾದ ಸುತ್ತು ಎಷ್ಟು ತಾನೇ ಆಗುತ್ತದೆ? ಹಾಗಾಗಿ ಎಡವೋ ಬಲವೋ, ಯಾವುದು ಸಿಗುತ್ತದೋ ಅದನ್ನೇ ಹಾಕಿ. ಬೆರೆಸಬೇಡಿ. ನಾನು ಇವತ್ತು ಹೇಳಲು ಬಂದದ್ದು ಇದೊಂದೇ, ಮಿಕ್ಕಿದ್ದು ಇದರ ಸುತ್ತ.

ಬಿಲ್ಲಿಗೆ ತಗಲುವ ಮಾತು ಬಂತಲ್ಲ. ಅದು ನಿಜವಾಗಿ ಇನ್ನೊಂದು ವಿಷಯಕ್ಕೆ ಸೇರಿದ್ದು. ನೋಡಿ, ಈ ಬಾಣದಲ್ಲಿ ಎರಡು ಗರಿ ಬಿಳಿ, ಒಂದು ಕೆಂಪು. ಇಂಗ್ಲಿಷಿನವರು ಈ ಬೇರೆ ಬಣ್ಣದ್ದನ್ನು ಹುಂಜ ಅನ್ನುತ್ತಾರೆ, ಉಳಿದೆರಡನ್ನು ಹೇಟೆ ಅನ್ನುತ್ತಾರೆ. ಈಗ ಬಿಲ್ಲು ತೆಗೆಯಲೇಬೇಕು. ಬಲಗೈಯವನು ಮೂರು ಬೆರಳಿನಿಂದ ಹೆದೆ ಎಳೆಯುವಾಗ ಬಾಣ ಬಿಲ್ಲಿನ ಎಡ ಪಕ್ಕಕ್ಕೆ ಒರಗಿ ಕೂರುತ್ತದೆ. ಹುಂಜ ಎಡಕ್ಕೆ, ಬಿಲ್ಲಿನಿಂದ ಆಚೆಗೆ ಮುಖ ಮಾಡಿರಬೇಕು. ಆಗ ಬಿಲ್ಲಿನ ಕಡೆ ಇರುವುದು ಎರಡು ಹೇಟೆಗಳ ನಡುವಿನ ಖಾಲಿ ಜಾಗ. ಹುಂಜವನ್ನು ಒಳಗೆ ತಿರುಗಿಸಿ ಹೂಡಿದರೆ ಅದು ನೇರ ಬಿಲ್ಲಿಗೇ ಗುರಿ ಇಟ್ಟಂತೆ. ಹೆಬ್ಬೆರಳಿಗೆ ಉಂಗುರ ತೊಟ್ಟು ಎಳೆಯುವ ಏಷ್ಯಾದ ಕ್ರಮದಲ್ಲಿ ಬಾಣ ಬಿಲ್ಲಿನ ಬಲ ಪಕ್ಕದಲ್ಲಿ ಕೂರುತ್ತದೆ, ಅಲ್ಲಿ ಎಲ್ಲ ಅದಲು ಬದಲು.

ಆದರೂ ಒಂದು ಒಗಟು ಉಳಿಯುತ್ತದೆ. ಬಾಣ ಬಿಲ್ಲಿನ ಪಕ್ಕದಲ್ಲಿದೆ, ಹೆದೆ ಅದನ್ನು ತಳ್ಳುವುದು ಬಿಲ್ಲಿನ ನಡುವಿಗೆ. ಹಾಗಾದರೆ ಬಾಣ ಎಡಕ್ಕೆ ಹೋಗಬೇಕಲ್ಲ, ನೇರ ಹೇಗೆ ಹೋಗುತ್ತದೆ? 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿ ವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದರು. ಬಾಣ ಹೊರಡುವಾಗ ಮೀನಿನ ಹಾಗೆ ಬಳುಕುತ್ತದೆ. ಬಳುಕಿ ಬಿಲ್ಲನ್ನು ಸುತ್ತಿಕೊಂಡು ಹೋಗುತ್ತದೆ. ಬಾಣದ ಬಿಗುವು ಬಿಲ್ಲಿನ ಜೋರಿಗೆ ಹೊಂದಿದ್ದರೆ, ಗರಿ ಹಾದುಹೋಗುವ ಹೊತ್ತಿಗೆ ಬಾಲ ಬಿಲ್ಲಿನಿಂದ ಆಚೆಗೆ ಬಳುಕಿರುತ್ತದೆ. ಹೊಂದದಿದ್ದರೆ ಗರಿ ಬಿಲ್ಲಿಗೆ ಸವರುತ್ತದೆ. ಇಲ್ಲೇ ಪ್ಲಾಸ್ಟಿಕ್ಕಿಗಿಂತ ಹಕ್ಕಿಯ ಗರಿ ಮೇಲು. ಗರಿ ಮಡಚಿಕೊಂಡು ದಾರಿ ಬಿಡುತ್ತದೆ, ಪ್ಲಾಸ್ಟಿಕ್ ಗುದ್ದುತ್ತದೆ. ನನ್ನ ಬಿಲ್ಲಿನ ಎಡ ಪಕ್ಕದಲ್ಲಿ ಬಣ್ಣ ಮಾಸಿದ ಒಂದು ಗೆರೆ ಕಾಣುತ್ತಿದೆಯಲ್ಲ, ಅದು ನನ್ನ ಮೊದಲ ವರ್ಷದ ಹೊಂದದ ಬಾಣಗಳು ಬರೆದದ್ದು.

ಗರಿಗೆ ಇನ್ನೊಂದು ದಿಕ್ಕೂ ಇದೆ, ಹಿಂದು-ಮುಂದು. ದಂಡಿನ ದಪ್ಪ ಬುಡ ಅಲಗಿನ ಕಡೆಗೆ, ತುದಿ ಕಚ್ಚಿನ ಕಡೆಗೆ ಇರಬೇಕು. ಎಳೆಗಳು ಆಗ ಹಿಂದಕ್ಕೆ ಒರಗುತ್ತವೆ, ಗಾಳಿ ಬೆಕ್ಕಿನ ಬೆನ್ನು ಸವರಿದ ಹಾಗೆ ಜಾರಿಹೋಗುತ್ತದೆ. ಉಲ್ಟಾ ಕಟ್ಟಿದರೆ ಎಳೆಗಳೆಲ್ಲ ಬಿಚ್ಚಿ ಕೆದರುತ್ತವೆ. ಇದು ಎಲ್ಲರಿಗೂ ಹೊಳೆಯುವ ವಿಷಯ. ಹೊಳೆಯದೇ ಇರುವುದು ಬುಡದ ಮುಂದಿನ ತುದಿ. ಮರದ ಹಳೆಯ ಮಾದರಿಯ ಬಿಲ್ಲಿನಲ್ಲಿ ಬಾಣ ಇಡಲು ಬೇರೆ ಕಟ್ಟೆ ಇರುವುದಿಲ್ಲ, ತೋರುಬೆರಳ ಗೆಣ್ಣಿನ ಮೇಲೇ ಕೂರುತ್ತದೆ. ಗರಿಯ ಬುಡ ಸೂಜಿಯಷ್ಟು ಎದ್ದಿದ್ದರೂ ಸಾಕು. ನನಗೆ ಒಂದು ಸಲ ಅದು ಗೆಣ್ಣಿನ ಚರ್ಮದೊಳಗೆ ಹೋಗಿ ಮುರಿಯಿತು. ಬಾಣ ಗುರಿಗೆ ಬಿತ್ತು, ಚೂರು ಬೆರಳಲ್ಲಿ ಉಳಿಯಿತು. ಅಂದಿನಿಂದ ಬುಡವನ್ನು ಇಳಿಜಾರಾಗಿ ಉಜ್ಜಿ, ಮೇಲೆ ಒಂದು ಹನಿ ಅಂಟು ಹಾಕಿ, ದಾರ ಸುತ್ತಿ, ಉಗುರಿನಿಂದ ಎರಡು ಸಲ ಸವರಿ ನೋಡದೆ ಬಾಣ ಹೂಡುವುದಿಲ್ಲ.

ಎಷ್ಟು ಓರೆಯಾಗಿ ಅಂಟಿಸಬೇಕು ಅನ್ನುವುದನ್ನು ಬೇಗ ಮುಗಿಸುತ್ತೇನೆ. ನೇರ ಅಂಟಿಸಬಹುದು. ಒಂದೆರಡು ಡಿಗ್ರಿ ಓರೆ ಮಾಡಬಹುದು. ಇಲ್ಲವೇ ಬಳ್ಳಿ ಮರಕ್ಕೆ ಸುತ್ತಿದ ಹಾಗೆ ತಿರುಚಿ ಅಂಟಿಸಬಹುದು. ಓರೆ ಜಾಸ್ತಿಯಾದಷ್ಟೂ ಬಾಣ ಬೇಗ ತಿರುಗುತ್ತದೆ, ಬೇಗ ನೆಟ್ಟಗಾಗುತ್ತದೆ, ವೇಗವನ್ನೂ ಬೇಗ ಕಳೆದುಕೊಳ್ಳುತ್ತದೆ. ಅಗಲ ಅಲಗಿನ ಬಾಣಕ್ಕೆ ದೊಡ್ಡ ಗರಿ, ತಿರುಚು ಬೇಕು. ದೂರ ಹೊಡೆಯುವವರಿಗೆ ಸಣ್ಣ ಗರಿ. ಇಸ್ತಾಂಬುಲಿನ ಓಕ್‌ಮೈದಾನ್ ಬಯಲಿನಲ್ಲಿ ಒಟ್ಟೊಮನ್ನರು ದೂರದ ಪಂದ್ಯ ಆಡುತ್ತಿದ್ದರು, ದಾಖಲೆಯ ಜಾಗಕ್ಕೆ ಕಲ್ಲು ನೆಡುತ್ತಿದ್ದರು. ಆ ಬಾಣಗಳ ಗರಿ ತೀರ ಚಿಕ್ಕದು. ಓರೆಯ ದಿಕ್ಕು ಮಾತ್ರ ರೆಕ್ಕೆಯ ಸಹಜ ಬಾಗಿನ ಕಡೆಗೇ ಇರಬೇಕು. ಬಲ ರೆಕ್ಕೆಯ ಗರಿಯನ್ನು ಎಡಕ್ಕೆ ತಿರುಚಿದರೆ ಅದು ತನ್ನ ಜೊತೆ ತಾನೇ ಜಗಳವಾಡುತ್ತದೆ.

ಇಂಗ್ಲೆಂಡಿನ ಉದ್ದ ಬಿಲ್ಲಿನವರಿಗೆ ಹೆಬ್ಬಾತಿನ ಗರಿ ಬೇಕಿತ್ತು. 15ನೇ ಶತಮಾನದ ಆರಂಭದಲ್ಲಿ ದೊರೆ ಐದನೇ ಹೆನ್ರಿ, ಮರಿ ಮಾಡುವ ಬಾತುಗಳನ್ನು ಬಿಟ್ಟು ಉಳಿದ ಪ್ರತಿ ಹೆಬ್ಬಾತಿನಿಂದ ರೆಕ್ಕೆಯ ಆರು ಗರಿ ಕೊಡಬೇಕು ಅಂತ ಅಪ್ಪಣೆ ಮಾಡಿದ. ಆರೇ ಯಾಕೆ? ಕಾರಣ ನನ್ನ ಊಹೆ, ಆದರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ಎಡದಿಂದ ಮೂರು, ಬಲದಿಂದ ಮೂರು. ಒಂದು ಎಡ ಬಾಣ, ಒಂದು ಬಲ ಬಾಣ. ಬೆರೆಸುವ ಪ್ರಶ್ನೆಯೇ ಇಲ್ಲ. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಾವಿರಾರು ಬಾಣ ಸಿಕ್ಕವು. ಗರಿಗಳು ನೀರಿನಲ್ಲಿ ಕರಗಿಹೋಗಿದ್ದವು. ಆದರೆ ಗರಿಯ ಮೇಲೆ ಸುತ್ತಿದ್ದ ದಾರದ ಗುರುತು ಉಳಿದಿತ್ತು, ತಾಮ್ರದ ಅಂಶ ಬೆರೆಸಿದ ಅಂಟಿನ ಹಸಿರೂ ಉಳಿದಿತ್ತು. ಗರಿ ತಿನ್ನುವ ಹುಳಕ್ಕೆ ತಾಮ್ರ ಆಗಿಬರುವುದಿಲ್ಲ. ಅದೇ 1545ರಲ್ಲಿ ರೋಜರ್ ಆಸ್ಕಮ್ ಬಿಲ್ಲುಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಹೆಬ್ಬಾತಿನ ಗರಿಗೆ ಸಮ ಇಲ್ಲ ಅನ್ನುವುದು ಅವನ ಮಾತು. ಹುಂಜ ಅನ್ನುವ ಆ ಒಂಟಿ ಗರಿಗೆ ಬೇರೆ ಬಣ್ಣ ಇದ್ದರೆ ಹೂಡುವಾಗ ತಪ್ಪಾಗುವುದಿಲ್ಲ ಅನ್ನುವುದನ್ನೂ ಅವನು ಆಗಲೇ ಹೇಳಿದ್ದ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಪಾನಿನವರ ಪದ್ಧತಿ. ಕ್ಯೂದೊ ಅನ್ನುವ ಅವರ ಬಿಲ್ಲುಗಾರಿಕೆಯಲ್ಲಿ ಬಾಣಗಳು ಜೋಡಿಯಾಗಿರುತ್ತವೆ. ಗುರಿ 28 ಮೀಟರ್ ದೂರ. ಮೊದಲು ಬಿಡುವ ಬಾಣ ಹಾಯ, ಎರಡನೆಯದು ಒತೊಯ. ಒಂದರ ಗರಿ ಒಂದು ಕಡೆಗೆ ಬಾಗಿದ್ದರೆ ಇನ್ನೊಂದರದ್ದು ಎದುರು ಕಡೆಗೆ. ಹಾರುವಾಗ ಒಂದು ಹೀಗೆ ತಿರುಗುತ್ತದೆ, ಇನ್ನೊಂದು ಹಾಗೆ. ಎರಡನೇ ಬಾಣ ಮೊದಲನೆಯದಕ್ಕೇ ಹೋಗಿ ಬಡಿದು ಹಾಳಾಗಬಾರದು ಅಂತ ಹೀಗೆ ಅನ್ನುತ್ತಾರೆ. ನನಗೇನೋ ಅದಕ್ಕಿಂತ ಸರಳ ಕಾರಣ ಹೊಳೆಯುತ್ತದೆ. ಹದ್ದು, ಗಿಡುಗದ ಗರಿ ದುಬಾರಿ. ಹಕ್ಕಿಗೆ ಇರುವುದು ಎರಡು ರೆಕ್ಕೆ. ಎರಡನ್ನೂ ಬಳಸಬೇಕು, ಬೆರೆಸಲೂ ಬಾರದು. ನಾನು ಕಷ್ಟಪಟ್ಟು ಕಲಿತ ಪಾಠಕ್ಕೆ ಅವರು ಎರಡು ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಪ್ರಶ್ನೆಗಳಿಗೆ ಬರೋಣ.

ಒಬ್ಬರು ಹಿರಿಯರು ಕೇಳಿದರು: "ಒಲಿಂಪಿಕ್ಸಿನವರ ಬಾಣದಲ್ಲಿ ಗರಿಯೇ ಕಾಣುವುದಿಲ್ಲವಲ್ಲ ಸ್ವಾಮಿ?"

ಇದೆ ಸರ್. ಸುರುಳಿಯಾದ ಸಣ್ಣ ಪ್ಲಾಸ್ಟಿಕ್ ಎಲೆಗಳು. ಅವರು 70 ಮೀಟರ್ ದೂರ ಹೊಡೆಯಬೇಕು, ದೊಡ್ಡ ಗರಿ ಇದ್ದರೆ ವೇಗ ಹೋಗುತ್ತದೆ, ಅಡ್ಡಗಾಳಿಗೂ ಸಿಗುತ್ತದೆ. ಸ್ವಾರಸ್ಯ ಏನಂದರೆ ಆ ಪ್ಲಾಸ್ಟಿಕ್ ಸುರುಳಿಯನ್ನೂ ಎಡ, ಬಲ ಅಂತ ಬೇರೆ ಬೇರೆ ಮಾರುತ್ತಾರೆ. ರೆಕ್ಕೆಯೇ ಇಲ್ಲದಿದ್ದರೂ.

ಮಳೆ ಬಂದರೆ ಏನು ಮಾಡುತ್ತೀರಿ ಅಂತ ಇನ್ನೊಬ್ಬರು. ಮನೆಗೆ ಹೋಗುತ್ತೇನೆ. ಒದ್ದೆ ಗರಿ ಅಂಟಿಕೊಂಡು ಮಲಗಿಬಿಡುತ್ತದೆ, ಬಾಣ ಬರೀ ಕೋಲಾಗುತ್ತದೆ.

ಕೊನೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ, ಆರನೇ ಕ್ಲಾಸಿರಬೇಕು, ಗರಿಯನ್ನು ಆಗಿನಿಂದ ಬಿಚ್ಚುವುದು, ಕೂಡಿಸುವುದು ಮಾಡುತ್ತಲೇ ಇದ್ದಳು. "ಅಂಕಲ್, ನವಿಲುಗರಿ ಹಾಕಬಹುದಾ?"

ನವಿಲುಗರಿ ಅಂತ ನಾವು ಪುಸ್ತಕದ ನಡುವೆ ಇಡುತ್ತೇವಲ್ಲ, ಕಣ್ಣಿನ ಗುರುತಿನದು, ಅದು ಬಾಣಕ್ಕೆ ಬರುವುದಿಲ್ಲ ಪುಟ್ಟಿ. ಅದರ ಎಳೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿಲ್ಲ, ಬಿಡಿ ಬಿಡಿ. ಗಾಳಿ ನಡುವೆ ನುಗ್ಗಿ ಹೋಗುತ್ತದೆ. ನಿನ್ನ ಕೈಲಿರುವುದನ್ನು ಈಗ ಕೂಡಿಸಿದೆಯಲ್ಲ, ಹಾಗೆ ಅದನ್ನು ಕೂಡಿಸಲು ನೋಡು, ಆಗುವುದಿಲ್ಲ. ನವಿಲಿನ ರೆಕ್ಕೆಯ ಗರಿಯಾದರೆ ಬೇರೆ ಮಾತು, ಹಿಂದೆ ಇಂಗ್ಲೆಂಡಿನಲ್ಲಿ ನವಿಲುಗರಿಯ ಬಾಣಗಳೂ ಇದ್ದವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿದ್ದ ಗರಿಯನ್ನು ತುದಿ ಮೇಲೆ ಮಾಡಿ ಹಿಡಿದಳು. ತಿರುಗಿಸಿ ತೋಡು ಇರುವ ಮುಖ ನೋಡಿದಳು, ಮತ್ತೆ ಆಚೆ ತಿರುಗಿಸಿದಳು. "ಇದು ಎಡ," ಅಂದಳು. ನಾನು ಬಲ ರೆಕ್ಕೆಯ ಗರಿ ಅಂದುಕೊಂಡು ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಕನ್ನಡಕ ಹಾಕಿಕೊಂಡು ನೋಡಿದೆ. ಎಡವೇ.